ಗಂಟಲಮಾರಿಯ ವಿಷ: ಮೊದಲ ದಿನದಿಂದ ಎಂಟನೇ ವಾರದವರೆಗೆ ಮಗುವಿನ ಹೃದಯ ಮತ್ತು ಉಸಿರನ್ನು ಕಾಯುವ ಬಗೆ

ಗಂಟಲಮಾರಿ ಬಂದ ಮಗುವಿನ ಮನೆಯವರು ತುಂಬ ಸಹಜವಾಗಿ ಮಾಡುವ ಒಂದು ತಪ್ಪು ತುಂಬ ಅಪಾಯದ್ದೂ ಹೌದು: ಗಂಟಲು ವಾಸಿಯಾಯಿತಲ್ಲ, ಇನ್ನು ಮಗು ವಾಸಿಯಾದಂತೆಯೇ ಎಂದುಕೊಳ್ಳುವುದು. ಜ್ವರ ಇಳಿದಿರುತ್ತದೆ, ಗಂಟಲಿನ ಪೊರೆ ಕಳಚಿರುತ್ತದೆ, ಮಗು ಅನ್ನ ಕೇಳುತ್ತಿರುತ್ತದೆ. ಸರಿಯಾಗಿ ಆ ಹೊತ್ತಿಗೇ ರೋಗಾಣು ಬಿಟ್ಟ ವಿಷ ಹೃದಯದ ಸ್ನಾಯುವಿನೊಳಗೆ ಕೆಲಸ ನಡೆಸುತ್ತಿರುತ್ತದೆ. ಅದಾದ ಮೇಲೂ, ಐದಾರು ವಾರ ಕಳೆದ ನಂತರ, ಅದೇ ವಿಷದ ಹಾನಿ ಉಸಿರಾಟದ ಸ್ನಾಯುಗಳನ್ನು ನಡೆಸುವ ನರಗಳಲ್ಲಿ ಕಾಣಿಸಿಕೊಳ್ಳಬಹುದು.

ಡಿಫ್ತೀರಿಯಾ ಎಂದು ವೈದ್ಯರು ಕರೆಯುವ ಈ ರೋಗವನ್ನು ಇಂದಿನ ಅನೇಕ ತಂದೆತಾಯಿಯರು ಕಣ್ಣಾರೆ ಕಂಡಿಲ್ಲ. ಲಸಿಕೆ ಅದನ್ನು ಅಷ್ಟು ಹಿಂದಕ್ಕೆ ತಳ್ಳಿದೆ. ಆದರೆ ಅದು ಹೋಗಿಲ್ಲ. ಪ್ರಪಂಚದಲ್ಲಿ ವರದಿಯಾದ ಪ್ರಕರಣಗಳಲ್ಲಿ ದೊಡ್ಡ ಪಾಲು ಅನೇಕ ವರ್ಷ ಭಾರತದ್ದೇ ಆಗಿತ್ತು. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಇದು ಮತ್ತೆ ಮತ್ತೆ ತಲೆ ಎತ್ತಿದೆ. 2016ರಲ್ಲಿ ಕೇರಳದ ಮಲಪ್ಪುರಂನಲ್ಲಿ, 2018ರಲ್ಲಿ ದೆಹಲಿಯಲ್ಲಿ ಮಕ್ಕಳು ಇದರಿಂದ ಸತ್ತರು. ಆದ್ದರಿಂದ ಮನೆಯವರು, ಆಶಾ ಕಾರ್ಯಕರ್ತೆಯರು, ಶಾಲೆಯ ಶಿಕ್ಷಕರು ಈ ವಿಷ ಯಾವ ವಾರ ಯಾವ ಅಂಗಕ್ಕೆ ಕೈಹಾಕುತ್ತದೆ ಎಂಬುದನ್ನು ತಿಳಿದಿರಬೇಕು. ಅದು ತಿಳಿದರೆ ಯಾವ ದಿನ ಏನನ್ನು ನೋಡಬೇಕು, ಯಾವಾಗ ಓಡಬೇಕು ಎಂಬುದೂ ತಿಳಿಯುತ್ತದೆ.

ವಿಷ ಹೃದಯವನ್ನು ಮುಟ್ಟುವುದು ಹೇಗೆ

ಹೆಜ್ಜೆಗಳಿಗೆ ಹೋಗುವ ಮುನ್ನ ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಮುಂದೆ ಹೇಳುವ ಪ್ರತಿಯೊಂದು ಎಚ್ಚರಿಕೆಯೂ ಇದರಿಂದಲೇ ಹುಟ್ಟುತ್ತದೆ.

1884ರಲ್ಲಿ ಜರ್ಮನಿಯ ಫ್ರೀಡ್ರಿಶ್ ಲೋಫ್ಲರ್ ಈ ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿದಾಗ ಒಂದು ವಿಚಿತ್ರ ಅವರ ಗಮನಕ್ಕೆ ಬಂತು. ಸತ್ತವರ ಹೃದಯ ಮತ್ತಿತರ ಒಳ ಅಂಗಗಳು ಕೆಟ್ಟಿದ್ದವು, ಆದರೆ ಅಲ್ಲೆಲ್ಲೂ ರೋಗಾಣು ಸಿಗುತ್ತಿರಲಿಲ್ಲ. ಅದು ಇದ್ದದ್ದು ಗಂಟಲಿನಲ್ಲಿ ಮಾತ್ರ. ಹಾಗಾದರೆ ಗಂಟಲಿನಲ್ಲೇ ಕುಳಿತು ದೂರದ ಅಂಗವನ್ನು ಕೆಡಿಸುವ ಏನನ್ನೋ ಅದು ಬಿಡುತ್ತಿರಬೇಕು ಎಂದು ಅವರು ಊಹಿಸಿದರು. 1888ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಎಮಿಲ್ ರೂ ಮತ್ತು ಅಲೆಕ್ಸಾಂಡರ್ ಯೆರ್ಸಿನ್ ರೋಗಾಣು ಬೆಳೆದ ದ್ರವವನ್ನು ಸೋಸಿ, ಒಂದೂ ರೋಗಾಣುವಿಲ್ಲದ ಆ ದ್ರವವನ್ನು ಪ್ರಾಣಿಗಳಿಗೆ ಚುಚ್ಚಿದರು. ರೋಗಾಣುವಿಲ್ಲದೆಯೇ ರೋಗ ಬಂತು. ಕೊಲ್ಲುವುದು ವಿಷ ಎಂಬುದು ಅಲ್ಲಿಗೆ ಖಚಿತವಾಯಿತು.

ಈ ರೋಗಾಣುಗಳೆಲ್ಲವೂ ವಿಷ ತಯಾರಿಸುವುದಿಲ್ಲ. ಬ್ಯಾಕ್ಟೀರಿಯಾಗಳಿಗೇ ತಗಲುವ ಒಂದು ಬಗೆಯ ವೈರಸ್ ವಿಷದ ವಂಶವಾಹಿಯನ್ನು ಹೊತ್ತು ಒಳಗೆ ಹೊಕ್ಕಿದ್ದರೆ ಮಾತ್ರ ಅವು ವಿಷಕಾರಿಗಳಾಗುತ್ತವೆ. ಅಂಥ ರೋಗಾಣು ಗಂಟಲಿನಲ್ಲಿ ಬಿಟ್ಟ ವಿಷ ಸುತ್ತಲಿನ ಜೀವಕೋಶಗಳನ್ನು ಸಾಯಿಸಿ ಪೊರೆ ಕಟ್ಟಿಸುತ್ತದೆ. ಮಿಕ್ಕದ್ದು ರಕ್ತಕ್ಕೆ ಸೇರಿ ಮೈಯೆಲ್ಲ ತಿರುಗುತ್ತದೆ.

ವಿಷದ ಅಣುವಿನಲ್ಲಿ ಎರಡು ತುಂಡುಗಳಿವೆ. ಒಂದು ಜೀವಕೋಶದ ಹೊರಮೈಯ ಗ್ರಾಹಿಯೊಂದಕ್ಕೆ ಅಂಟಿಕೊಂಡು ಬಾಗಿಲು ತೆರೆಸುತ್ತದೆ. ಇನ್ನೊಂದು ಒಳಗೆ ನುಗ್ಗಿ, ಪ್ರೋಟೀನು ಕಟ್ಟುವ ಕೆಲಸಕ್ಕೆ ಅನಿವಾರ್ಯವಾದ ಒಂದು ಅಂಶವನ್ನು ನಿಷ್ಕ್ರಿಯಗೊಳಿಸುತ್ತದೆ. ಪ್ರೋಟೀನು ಕಟ್ಟಲಾಗದ ಜೀವಕೋಶ ಸಾಯುತ್ತದೆ. ಈ ಎರಡನೇ ತುಂಡಿನ ಒಂದೇ ಒಂದು ಅಣು ಒಳಹೊಕ್ಕರೂ ಜೀವಕೋಶ ಸಾಯಬಲ್ಲದು ಎಂದು ಪ್ರಯೋಗಗಳು ತೋರಿಸಿವೆ. ಆ ಗ್ರಾಹಿ ದೇಹದ ಅನೇಕ ಕಡೆ ಇದ್ದರೂ ಹೃದಯ ಮತ್ತು ನರಗಳಲ್ಲಿ ಹೇರಳವಾಗಿದೆ. ಹೃದಯದ ಸ್ನಾಯುವಿನ ಎಳೆಗಳು ಸತ್ತರೆ ಚರ್ಮದ ಹಾಗೆ ಮತ್ತೆ ಚಿಗುರುವುದಿಲ್ಲ. ಬಡಿತಕ್ಕೆ ಲಯ ಕೊಡುವ ವಿದ್ಯುತ್ ಹಾದಿಯೂ ಅದೇ ಸ್ನಾಯುವಿನ ಒಳಗಿದೆ. ಆದ್ದರಿಂದಲೇ ಈ ವಿಷ ಹೃದಯವನ್ನು ಸೋಲಿಸುವುದರ ಜೊತೆಗೆ ಅದರ ತಾಳವನ್ನೂ ತಪ್ಪಿಸುತ್ತದೆ.

ಇಲ್ಲಿ ಮನಸ್ಸಿನಲ್ಲಿಡಬೇಕಾದದ್ದು ಕಾಲದ ಅಂತರ. ಜೀವಕೋಶದೊಳಗೆ ವಿಷ ಸೇರುವುದು ಮೊದಲ ಕೆಲವು ದಿನಗಳಲ್ಲಿ. ಅದರ ಫಲ ಹೊರಗೆ ಕಾಣುವುದು ವಾರಗಳ ನಂತರ.

ಹೆಜ್ಜೆ 1: ಮೊದಲ ಮೂರು ದಿನ, ಗಂಟಲನ್ನು ಬೆಳಕಿನಲ್ಲಿ ನೋಡಿ

ರೋಗಾಣು ಸೇರಿದ ಮೇಲೆ ಸಾಮಾನ್ಯವಾಗಿ ಎರಡರಿಂದ ಐದು ದಿನಗಳಲ್ಲಿ ಲಕ್ಷಣಗಳು ಶುರುವಾಗುತ್ತವೆ. ಜ್ವರ ವಿಪರೀತವಿರುವುದಿಲ್ಲ, 101 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಆದರೆ ಜ್ವರದ ಅಳತೆಗೆ ಮೀರಿ ಮಗು ಬಾಡಿರುತ್ತದೆ, ಬಿಳಿಚಿಕೊಂಡಿರುತ್ತದೆ. ಗಂಟಲು ನೋವು, ನುಂಗಲು ಕಷ್ಟ, ಕೆಲವೊಮ್ಮೆ ಒಂದೇ ಹೊಳ್ಳೆಯಿಂದ ರಕ್ತ ಬೆರೆತ ಸಿಂಬಳ.

ಮಗುವನ್ನು ಕಿಟಕಿಯ ಕಡೆಗೆ ಮುಖ ಮಾಡಿ ಕೂರಿಸಿ, ಬಾಯಿ ತೆರೆದು ‘ಆ’ ಎನ್ನಲು ಹೇಳಿ, ಮೊಬೈಲಿನ ಟಾರ್ಚ್ ಹಿಡಿದು ನೋಡಿ. ಸಾಮಾನ್ಯ ಟಾನ್ಸಿಲ್ ಸೋಂಕಿನಲ್ಲಿ ಟಾನ್ಸಿಲ್ ಮೇಲೆ ಹಳದಿ ಬಿಳಿ ಚುಕ್ಕೆಗಳು ಕಾಣುತ್ತವೆ, ಒರೆಸಿದರೆ ಬರುತ್ತವೆ. ಗಂಟಲಮಾರಿಯ ಪೊರೆ ಬೂದು ಬಣ್ಣಕ್ಕೆ ತಿರುಗಿದ್ದು, ನೆನೆದ ತೊಗಲಿನ ತುಂಡಿನಂತೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಟಾನ್ಸಿಲ್ ದಾಟಿ ಕಿರುನಾಲಗೆಯ ಕಡೆಗೋ ಅಂಗುಳದ ಮೇಲಕ್ಕೋ ಹಬ್ಬುತ್ತದೆ. ಕೆರೆದರೆ ರಕ್ತ ಬರುತ್ತದೆ. ಇದು ವೈದ್ಯರಿಗಾಗಿ ಹೇಳಿದ ಗುರುತು. ನೀವು ಚಮಚದಿಂದಾಗಲಿ ಬೆರಳಿನಿಂದಾಗಲಿ ಖಂಡಿತ ಕೆರೆಯಬೇಡಿ. ರಕ್ತ ಸುರಿದು, ಪೊರೆ ಜಾರಿ ಉಸಿರಿನ ಹಾದಿಗೆ ಬಿದ್ದರೆ ಅಲ್ಲಿಯೇ ಅನಾಹುತವಾಗುತ್ತದೆ.

ಕುತ್ತಿಗೆಯ ಎರಡೂ ಬದಿ ಊದಿ, ದವಡೆಯ ಅಂಚೇ ಕಾಣದಂತೆ ಗೂಳಿಯ ಕತ್ತಿನ ಹಾಗಾಗಿದ್ದರೆ ರೋಗ ತೀವ್ರವಾಗಿದೆ ಎಂದೇ ಅರ್ಥ. ಅಂಥ ಮಕ್ಕಳಲ್ಲಿ ಹೃದಯಕ್ಕೆ ಪೆಟ್ಟು ಬೀಳುವ ಸಂಭವ ಹೆಚ್ಚು.

ಅದೇ ಹೊತ್ತಿಗೆ ತಾಯಿ ಕಾರ್ಡ್ ಹುಡುಕಿ ತೆಗೆಯಿರಿ. ಯಾವ ಡೋಸ್ ಆಗಿದೆ, ಯಾವುದು ಬಿಟ್ಟುಹೋಗಿದೆ ಎಂಬುದು ವೈದ್ಯರ ಅನುಮಾನವನ್ನು ಬಲಪಡಿಸುವ ಮೊದಲ ಸುಳಿವು. ಡೋಸ್ ತಪ್ಪಿದ್ದರೆ ಅದನ್ನು ಮುಚ್ಚಿಡಬೇಡಿ. ವೈದ್ಯರು ಗದರಿಸಬಹುದೆಂಬ ಅಂಜಿಕೆಯಿಂದ ಎಲ್ಲ ಆಗಿದೆ ಎಂದು ಹೇಳಿಬಿಟ್ಟರೆ ರೋಗ ಗುರುತಿಸುವುದು ತಡವಾಗುತ್ತದೆ.

ಹೆಜ್ಜೆ 2: ಗಂಟೆಗಳನ್ನು ಎಣಿಸಿ, ಆಂಟಿಟಾಕ್ಸಿನ್ ಇರುವ ಆಸ್ಪತ್ರೆಗೆ ಹೋಗಿ

ಬಿಗಿಯಾಗಿ ಅಂಟಿದ ಪೊರೆ ಕಂಡಿತೆಂದರೆ ಅದೇ ದಿನ ಆಸ್ಪತ್ರೆ. ನಾಳೆ ನೋಡೋಣ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. 108ಕ್ಕೆ ಕರೆ ಮಾಡಿ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅಥವಾ ಆಶಾ ಕಾರ್ಯಕರ್ತೆಗೆ ‘ಗಂಟಲಮಾರಿಯ ಅನುಮಾನ’ ಎಂಬ ಪದವನ್ನೇ ಬಳಸಿ ಹೇಳಿ. ಬರೀ ಗಂಟಲು ನೋವು ಎಂದರೆ ಸರತಿಯಲ್ಲಿ ಕೂರಿಸುತ್ತಾರೆ. ಈ ರೋಗದ ಅನುಮಾನ ಬಂದರೆ ವೈದ್ಯರು ಜಿಲ್ಲೆಯ ಸರ್ವೇಕ್ಷಣಾ ಅಧಿಕಾರಿಗೆ ತಿಳಿಸಬೇಕಾಗುತ್ತದೆ. ಔಷಧ ಎಲ್ಲಿದೆ ಎಂದು ಹುಡುಕಲು ಆ ಸಂಪರ್ಕವೇ ನೆರವಾಗುತ್ತದೆ.

ಏಕೆ ಈ ಅವಸರ? ರಕ್ತದಲ್ಲಿ ಇನ್ನೂ ತಿರುಗುತ್ತಿರುವ ವಿಷವನ್ನು ಹಿಡಿದು ನಿರ್ವಿಷಗೊಳಿಸುವ ಔಷಧ ಒಂದೇ, ಅದು ಆಂಟಿಟಾಕ್ಸಿನ್. ಜೀವಕೋಶದ ಒಳಗೆ ಸೇರಿಬಿಟ್ಟ ವಿಷವನ್ನು ಅದು ಮುಟ್ಟಲಾರದು. ಇಂದು ಕೊಟ್ಟರೆ ಉಳಿಯುವ ಹೃದಯದ ಎಳೆಗಳು ನಾಡಿದ್ದು ಕೊಟ್ಟರೆ ಉಳಿಯುವುದಿಲ್ಲ. ಆದ್ದರಿಂದಲೇ ಗಂಟಲಿನ ಮಾದರಿ ತೆಗೆದು ಕಳುಹಿಸಿದರೂ ಪ್ರಯೋಗಾಲಯದ ಉತ್ತರಕ್ಕೆ ಕಾಯದೆ, ಅನುಮಾನ ಬಲವಾಗಿದ್ದರೆ ವೈದ್ಯರು ಆಂಟಿಟಾಕ್ಸಿನ್ ಕೊಟ್ಟುಬಿಡುತ್ತಾರೆ. ವರದಿ ಬರಲಿ ಎಂದು ಕಾಯುತ್ತಿದ್ದಾರೆಂದು ತಿಳಿದರೆ ಆಂಟಿಟಾಕ್ಸಿನ್ ಈಗಲೇ ಏಕೆ ಕೊಡಬಾರದು ಎಂದು ಧೈರ್ಯವಾಗಿ ಕೇಳಿ. ಇದು ಕೇಳಲೇಬೇಕಾದ ಪ್ರಶ್ನೆ.

ಜೊತೆಗೆ ಪೆನಿಸಿಲಿನ್, ಎರಿಥ್ರೋಮೈಸಿನ್ ಅಥವಾ ಅಜಿಥ್ರೋಮೈಸಿನ್‌ನಂಥ ಆಂಟಿಬಯೋಟಿಕ್ ಕೂಡ ಕೊಡುತ್ತಾರೆ, ಸಾಮಾನ್ಯವಾಗಿ ಹದಿನಾಲ್ಕು ದಿನ. ಅದು ರೋಗಾಣುವನ್ನು ಕೊಂದು ಹೊಸ ವಿಷ ತಯಾರಾಗದಂತೆ, ಇತರರಿಗೆ ಹರಡದಂತೆ ತಡೆಯುತ್ತದೆ. ಆಗಲೇ ತಯಾರಾದ ವಿಷಕ್ಕೆ ಅದರಿಂದ ಏನೂ ಆಗದು. ಔಷಧದಂಗಡಿಯಲ್ಲಿ ಗುಳಿಗೆ ತಂದು ಮನೆಯಲ್ಲೇ ಎರಡು ದಿನ ನೋಡುವುದು ಈ ರೋಗದಲ್ಲಿ ಎಷ್ಟು ಅಪಾಯಕಾರಿ ಎಂಬುದು ಇದರಿಂದ ಗೊತ್ತಾಗುತ್ತದೆ.

ಆಂಟಿಟಾಕ್ಸಿನ್ ಕುದುರೆಯ ರಕ್ತದಿಂದ ತಯಾರಾಗುತ್ತದೆ. ಕೆಲವರಿಗೆ ಅದು ತೀವ್ರ ಅಲರ್ಜಿ ತರಬಲ್ಲದು. ಆದ್ದರಿಂದ ಮೊದಲು ಚಿಕ್ಕ ಪ್ರಮಾಣದಲ್ಲಿ ಪರೀಕ್ಷಿಸಿ, ಅಲರ್ಜಿಯಾದರೆ ಕೊಡುವ ಅಡ್ರಿನಲಿನ್ ಔಷಧವನ್ನು ಕೈಯಳತೆಯಲ್ಲಿ ಇಟ್ಟುಕೊಂಡು, ಮಗುವನ್ನು ಕಣ್ಣೆದುರೇ ಇರಿಸಿಕೊಂಡು ಕೊಡುತ್ತಾರೆ. ಮಗುವಿಗೆ ಆಸ್ತಮಾ ಇದ್ದರೆ, ಹಿಂದೆ ಹಾವು ಕಡಿತಕ್ಕೋ ನಾಯಿ ಕಡಿತಕ್ಕೋ ಸೀರಮ್ ಕೊಟ್ಟಿದ್ದರೆ ಮೊದಲೇ ತಿಳಿಸಿ. ಎಷ್ಟು ಯೂನಿಟ್ ಎಂಬುದು ಮಗುವಿನ ತೂಕದ ಮೇಲಲ್ಲ, ರೋಗ ಎಷ್ಟು ಹಬ್ಬಿದೆ, ಎಷ್ಟು ದಿನವಾಗಿದೆ ಎಂಬುದರ ಮೇಲೆ ನಿಂತಿದೆ. ಚಿಕ್ಕ ಮಗುವಿಗೂ ದೊಡ್ಡವರಷ್ಟೇ ಕೊಡುತ್ತಾರೆ ಎಂದು ಗಾಬರಿಯಾಗಬೇಡಿ. ತಟಸ್ಥಗೊಳಿಸಬೇಕಾದದ್ದು ವಿಷದ ಮೊತ್ತವನ್ನು.

ಈ ಔಷಧದ ಕೊರತೆ ನಿಜವಾದ ಸಮಸ್ಯೆ. ಪ್ರಪಂಚದಲ್ಲಿ ಇದನ್ನು ತಯಾರಿಸುವವರು ಬೆರಳೆಣಿಕೆಯಷ್ಟು. 2018ರ ದೆಹಲಿಯ ಸಾವುಗಳ ಸಮಯದಲ್ಲೂ ಆಂಟಿಟಾಕ್ಸಿನ್ ಸಿಗದಿದ್ದುದೇ ದೊಡ್ಡ ಸುದ್ದಿಯಾಗಿತ್ತು. ಆಂಟಿಟಾಕ್ಸಿನ್ ಚಿಕಿತ್ಸೆ 1890ರಲ್ಲಿ ವಿಜ್ಞಾನಿಗಳಾದ ಎಮಿಲ್ ಫಾನ್ ಬೇರಿಂಗ್ ಮತ್ತು ಕಿಟಸಾಟೊ ಷಿಬಸಾಬುರೊ ತೋರಿಸಿಕೊಟ್ಟ ದಾರಿ. ಬೇರಿಂಗ್ ಅವರಿಗೆ 1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಬಂದದ್ದೂ ಇದಕ್ಕೇ. ಇಷ್ಟು ಹಳೆಯ ಔಷಧ ಇಂದಿನ ಮಗುವಿಗೆ ಸಿಗದೇ ಹೋಗುವುದು ಒಪ್ಪಲಾಗದ ಮಾತು. ಆದ್ದರಿಂದ ದೊಡ್ಡ ಆಸ್ಪತ್ರೆಗೆ ಹೊರಡುವ ಮುನ್ನ ಅಲ್ಲಿ ಅದು ಇದೆಯೇ ಎಂದು ನಿಮ್ಮ ಊರಿನ ವೈದ್ಯರಿಂದಲೇ ಫೋನ್ ಮಾಡಿಸಿ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದು ಕಳೆಯುವ ಒಂದು ರಾತ್ರಿಯ ಬೆಲೆ ಬಹಳ ದೊಡ್ಡದು.

ಹೆಜ್ಜೆ 3: ಮೊದಲ ವಾರ, ಉಸಿರಿನ ಹಾದಿ

ಪೊರೆ ಕೆಳಗಿಳಿದು ಧ್ವನಿಪೆಟ್ಟಿಗೆ ತಲುಪಿದರೆ ಮಗುವಿನ ದನಿ ಒಡೆಯುತ್ತದೆ, ಕೆಮ್ಮು ಬೊಗಳಿದಂತಾಗುತ್ತದೆ. ಉಸಿರು ಎಳೆದುಕೊಳ್ಳುವಾಗ ಕರ್ಕಶ ಸದ್ದು ಕೇಳಿದರೆ, ಪಕ್ಕೆಲುಬಿನ ಕೆಳಗೆ ಮತ್ತು ಕತ್ತಿನ ಬುಡದಲ್ಲಿ ಗುಳಿ ಬೀಳುತ್ತಿದ್ದರೆ ಹಾದಿ ಕಿರಿದಾಗುತ್ತಿದೆ. ಮಗು ಚಡಪಡಿಸುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಸುಮ್ಮನಾದರೆ ನೆಮ್ಮದಿ ಬಂತು ಎಂದುಕೊಳ್ಳಬೇಡಿ, ದಣಿದು ಸೋಲುತ್ತಿದೆ ಎಂದು ತಿಳಿದು ಆ ಕ್ಷಣವೇ ನರ್ಸನ್ನು ಕರೆಯಿರಿ.

ಪೊರೆ ಶ್ವಾಸನಾಳದ ಕವಲುಗಳಿಗೂ ಇಳಿಯಬಹುದು. ಕಳಚಿದ ತುಂಡು ಒಂದು ಕವಲನ್ನು ಮುಚ್ಚಿದರೆ ಅಲ್ಲಿಂದಾಚೆಯ ಶ್ವಾಸಕೋಶದ ಭಾಗ ಗಾಳಿಯಿಲ್ಲದೆ ಕುಸಿಯುತ್ತದೆ, ನ್ಯುಮೋನಿಯಾ ಸೇರಿಕೊಳ್ಳುತ್ತದೆ. ಉಸಿರಿನ ಎಣಿಕೆ ಇಲ್ಲಿ ಮನೆಯವರ ಕೈಯಲ್ಲೂ ಇರುವ ಸಾಧನ. ಮಗು ಅಳದೆ ಇರುವಾಗ ಪೂರ್ತಿ ಒಂದು ನಿಮಿಷ ಹೊಟ್ಟೆಯ ಏರಿಳಿತ ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು.

ಮಗುವನ್ನು ಬಲವಂತವಾಗಿ ಮಲಗಿಸಬೇಡಿ, ಅದಕ್ಕೆ ಹಿತವಾದ ಭಂಗಿಯಲ್ಲಿ ಮಡಿಲಲ್ಲಿ ಕೂರಿಸಿಕೊಳ್ಳಿ. ಅತ್ತರೆ ಉಸಿರು ಇನ್ನೂ ಕಟ್ಟುತ್ತದೆ, ಆದ್ದರಿಂದ ತಾಯಿ ಅಥವಾ ಮಗುವಿಗೆ ಸಲುಗೆ ಇರುವವರು ಪಕ್ಕದಲ್ಲಿರಲಿ. ವೈದ್ಯರು ಕತ್ತಿನಲ್ಲಿ ತೂತು ಮಾಡಿ ಕೊಳವೆ ಇಡಬೇಕೆಂದರೆ ಒಪ್ಪಿಗೆ ಕೊಡಲು ತಡಮಾಡಬೇಡಿ. ಆ ಶಸ್ತ್ರಚಿಕಿತ್ಸೆ ಸುಮಾರು 200 ವರ್ಷಗಳಿಂದ ಗಂಟಲಮಾರಿಯ ಮಕ್ಕಳನ್ನು ಉಳಿಸುತ್ತಾ ಬಂದಿದೆ. ಹಾದಿ ತೆರೆದ ಮೇಲೆ ಕೊಳವೆ ತೆಗೆಯುತ್ತಾರೆ, ಗಾಯ ಮುಚ್ಚಿಕೊಳ್ಳುತ್ತದೆ.

ಹೆಜ್ಜೆ 4: ಎರಡನೇ ವಾರ, ಹೃದಯ

ಈ ಲೇಖನ ಬರೆಯಲು ಕಾರಣವಾದ ಹೆಜ್ಜೆ ಇದು. ಹೃದಯದ ತೊಂದರೆ ಸಾಮಾನ್ಯವಾಗಿ ರೋಗ ಶುರುವಾದ ಏಳರಿಂದ ಹದಿನಾಲ್ಕನೇ ದಿನದೊಳಗೆ ತಲೆದೋರುತ್ತದೆ. ತೀವ್ರ ರೋಗದಲ್ಲಿ ಮೊದಲ ವಾರವೇ ಬರಬಹುದು, ಕೆಲವೊಮ್ಮೆ ತಡವಾಗಿಯೂ ಬರಬಹುದು. ಇಸಿಜಿಯಲ್ಲಿ ಸಣ್ಣ ಬದಲಾವಣೆಗಳು ಅನೇಕ ಮಕ್ಕಳಲ್ಲಿ ಕಾಣುತ್ತವೆ. ಹೊರಗೆ ಲಕ್ಷಣ ತೋರುವಷ್ಟು ಹೃದಯದ ಉರಿಯೂತ ಸುಮಾರು ಹತ್ತರಿಂದ ಇಪ್ಪತ್ತೈದು ಶೇಕಡಾ ರೋಗಿಗಳಿಗೆ ಆಗುತ್ತದೆ.

ಮನೆಯವರು ನೋಡಬೇಕಾದ ಗುರುತುಗಳು ‘ಹೃದಯ’ ಎಂಬ ಪದವನ್ನು ನೆನಪಿಸುವಂಥವಲ್ಲ. ನಿನ್ನೆ ಆಡುತ್ತಿದ್ದ ಮಗು ಇಂದು ಮಾತಾಡಲೂ ಬೇಸರಪಡುತ್ತದೆ. ಕಾರಣವಿಲ್ಲದೆ ವಾಂತಿ. ಹೊಟ್ಟೆ ನೋವು, ಅದರಲ್ಲೂ ಬಲಗಡೆ ಪಕ್ಕೆಯ ಕೆಳಗೆ, ಏಕೆಂದರೆ ಹೃದಯ ಸೋತಾಗ ಯಕೃತ್ತು ರಕ್ತ ತುಂಬಿ ಊದುತ್ತದೆ. ಕೈಕಾಲು ತಣ್ಣಗೆ, ಮುಖ ಬೂದಿ ಬಣ್ಣ, ಮೂತ್ರ ಕಡಿಮೆ, ಮಲಗಿದರೆ ಉಸಿರು ಹೆಚ್ಚು. ಶ್ವಾಸಕೋಶ ಇಲ್ಲಿ ಎರಡನೇ ಬಾರಿ ಸಿಕ್ಕಿಹಾಕಿಕೊಳ್ಳುತ್ತದೆ: ಮುಂದಕ್ಕೆ ತಳ್ಳಲಾಗದ ರಕ್ತ ಹಿಂದೆ ನಿಂತು ಅದರಲ್ಲಿ ನೀರು ತುಂಬುತ್ತದೆ. ಆಸ್ಪತ್ರೆಯಲ್ಲಿ ವಾಂತಿಯನ್ನು ಅಜೀರ್ಣವೆಂದು ನೀವೇ ತೀರ್ಮಾನಿಸಿ ಸುಮ್ಮನಿರಬೇಡಿ, ಪ್ರತಿ ವಾಂತಿಯನ್ನೂ ನರ್ಸಿಗೆ ಹೇಳಿ.

ನಾಡಿ ಎಣಿಸಲು ಕಲಿತುಕೊಳ್ಳಿ. ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ನಿಮ್ಮ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಆರರಿಂದ ಹನ್ನೊಂದು ವರ್ಷದ ಮಗು ಎಚ್ಚರವಾಗಿ ಶಾಂತವಾಗಿದ್ದಾಗ ಅದು ಸುಮಾರು 75ರಿಂದ 120ರ ನಡುವೆ ಇರುತ್ತದೆ, ಇನ್ನೂ ಚಿಕ್ಕ ಮಕ್ಕಳಲ್ಲಿ ಹೆಚ್ಚು. ಜ್ವರವೇ ಇಲ್ಲದಿದ್ದರೂ ನಾಡಿ ಓಡುತ್ತಿದ್ದರೆ ಅದು ಮೊದಲ ಎಚ್ಚರಿಕೆ. ಅದಕ್ಕಿಂತ ಕೆಟ್ಟದ್ದು ಓಡುತ್ತಿದ್ದ ನಾಡಿ ಒಮ್ಮೆಲೇ 60ಕ್ಕಿಂತ ಕೆಳಗಿಳಿಯುವುದು, ಅಥವಾ ನಡುನಡುವೆ ಬಡಿತ ತಪ್ಪುವುದು. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಸಂದೇಶ ಹೋಗುವ ಹಾದಿ ಕಡಿದುಬೀಳುತ್ತಿದೆ ಎಂಬುದರ ಸೂಚನೆ ಅದು. ಇದನ್ನು ಹಾರ್ಟ್ ಬ್ಲಾಕ್ ಎನ್ನುತ್ತಾರೆ. ಪೂರ್ಣ ಬ್ಲಾಕ್ ಆದರೆ ಜೀವಕ್ಕೆ ಕುತ್ತು. ತಾತ್ಕಾಲಿಕ ಪೇಸ್‌ಮೇಕರ್ ಇರುವ ಕಡೆ ಅದನ್ನು ಅಳವಡಿಸಿ ನೋಡುತ್ತಾರೆ.

ಆಸ್ಪತ್ರೆಯಲ್ಲಿ ಸೇರಿದ ದಿನವೇ ಒಂದು ಇಸಿಜಿ, ಆಮೇಲೆ ಕನಿಷ್ಠ ಎರಡು ವಾರ ಮತ್ತೆ ಮತ್ತೆ ಇಸಿಜಿ ಆಗಬೇಕು. ಮೊದಲ ಇಸಿಜಿ ಸರಿಯಾಗಿದೆ ಎಂಬುದು ಎರಡನೇ ವಾರಕ್ಕೆ ಭರವಸೆಯಲ್ಲ. ಸಾಧ್ಯವಿದ್ದರೆ ಎಕೋ (ಹೃದಯದ ಸ್ಕ್ಯಾನ್), ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೊಪೊನಿನ್ ರಕ್ತ ಪರೀಕ್ಷೆ. ಸ್ಟೀರಾಯ್ಡ್ ಕೊಟ್ಟರೆ ಹೃದಯ ಉಳಿಯುತ್ತದೆ ಎಂದು ಯಾರಾದರೂ ಹೇಳಬಹುದು. ಈ ರೋಗದಲ್ಲಿ ಅದರಿಂದ ಹೃದಯಕ್ಕೆ ರಕ್ಷಣೆ ಸಿಕ್ಕಿದ್ದು ಸಾಬೀತಾಗಿಲ್ಲ.

ಉಳಿದದ್ದು ವಿಶ್ರಾಂತಿ, ಮತ್ತು ಅದು ನಿಮ್ಮ ಕೈಯಲ್ಲಿದೆ. ಎರಡರಿಂದ ಮೂರು ವಾರ ಪೂರ್ತಿ ಹಾಸಿಗೆ. ಹೃದಯಕ್ಕೆ ಪೆಟ್ಟು ಬಿದ್ದಿದ್ದರೆ ಇನ್ನೂ ಹೆಚ್ಚು, ವೈದ್ಯರು ಹೇಳುವವರೆಗೆ. ಶೌಚಕ್ಕೂ ಮಗುವನ್ನು ನಡೆಸಬೇಡಿ, ಹಾಸಿಗೆಯಲ್ಲೇ ವ್ಯವಸ್ಥೆ ಮಾಡಿ ಅಥವಾ ಎತ್ತಿಕೊಂಡು ಹೋಗಿ. ಮಲಬದ್ಧತೆಯಾದರೆ ಮುಕ್ಕಿರಿಯುವುದೂ ಹೃದಯಕ್ಕೆ ಹೊರೆ, ಅದಕ್ಕೆ ಔಷಧ ಕೇಳಿ. ಒಮ್ಮೆಗೇ ಹೊಟ್ಟೆ ತುಂಬ ಊಟ ಬೇಡ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ. ವಾಸಿಯಾಗುತ್ತಿದ್ದಂತೆ ಕಾಣುವ ಮಗು ಎದ್ದು ಓಡಿ ಕುಸಿದು ಬೀಳುವುದನ್ನು ಈ ರೋಗ ಕಂಡ ಹಳೆಯ ವೈದ್ಯರು ಬರೆದಿಟ್ಟಿದ್ದಾರೆ.

ಇಲ್ಲೇ ಮನೆಯವರ ಕಷ್ಟವೂ ಶುರುವಾಗುವುದು. ಕೂಲಿ ಹೋಗುತ್ತದೆ, ಮನೆಯಲ್ಲಿ ಬೇರೆ ಮಕ್ಕಳಿದ್ದಾರೆ, ಹೊಲದಲ್ಲಿ ಕೆಲಸ ನಿಂತಿದೆ, ಮಗು ನೋಡಲು ಚೆನ್ನಾಗಿದೆ. ಒತ್ತಾಯ ಮಾಡಿ, ಸಹಿ ಹಾಕಿ, ಒಂಬತ್ತನೇ ದಿನಕ್ಕೋ ಹತ್ತನೇ ದಿನಕ್ಕೋ ಮನೆಗೆ ಕರೆದೊಯ್ಯಬೇಕೆನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಹೃದಯಕ್ಕೆ ಅತ್ಯಂತ ಕೆಟ್ಟ ವಾರದ ನಟ್ಟನಡುವೆ ಮಗುವನ್ನು ಇಸಿಜಿ ಯಂತ್ರದಿಂದ ದೂರ ಕರೆದೊಯ್ದಂತೆ. ಮನೆಯವರು ಸರದಿಯ ಮೇಲೆ ಕಾಯಿರಿ, ಬಂಧುಗಳ ಸಹಾಯ ಕೇಳಿ, ಖರ್ಚಿನ ಮಾತಾದರೆ ಆಸ್ಪತ್ರೆಯಲ್ಲೇ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ವಿಚಾರಿಸಿ. ಬಿಡುಗಡೆಯ ಮುನ್ನ ವೈದ್ಯರಿಗೆ ಮೂರು ಪ್ರಶ್ನೆ ಹಾಕಿ: ಕೊನೆಯ ಇಸಿಜಿ ಹೇಗಿದೆ, ಮುಂದಿನ ಇಸಿಜಿ ಯಾವಾಗ, ಮಗು ಯಾವಾಗಿನಿಂದ ನಡೆಯಬಹುದು ಮತ್ತು ಆಟವಾಡಬಹುದು. ಉತ್ತರವನ್ನು ಬಿಡುಗಡೆ ಚೀಟಿಯಲ್ಲಿ ಬರೆಸಿಕೊಳ್ಳಿ.

ಹೆಜ್ಜೆ 5: ಮೂರನೇ ವಾರದಿಂದ ಎಂಟನೇ ವಾರದವರೆಗೆ, ನುಂಗುವುದು ಮತ್ತು ಉಸಿರಾಡುವುದು

ನರಗಳ ಸರದಿ ಮೊದಲು ಅಂಗುಳದಿಂದ ಶುರುವಾಗುತ್ತದೆ. ಮಗುವಿನ ಮಾತು ಮೂಗಿನಲ್ಲಿ ಬರುತ್ತದೆ, ಕುಡಿದ ನೀರು ಮೂಗಿನಿಂದ ಹೊರಬರುತ್ತದೆ. ಇದನ್ನು ನೆಗಡಿ ಎಂದು ತಳ್ಳಿಹಾಕಬೇಡಿ. ಹಾಗೆ ತಪ್ಪಿದ ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಆಹಾರ ಕೊಡುವಾಗ ನೆಟ್ಟಗೆ ಕೂರಿಸಿ, ತೆಳು ನೀರಿಗಿಂತ ಗಟ್ಟಿ ಗಂಜಿ, ರಾಗಿ ಅಂಬಲಿಯಂಥವನ್ನು ಸಣ್ಣ ಚಮಚದಲ್ಲಿ ಕೊಡಿ, ಒಂದು ತುತ್ತು ಪೂರ್ತಿ ಇಳಿದ ಮೇಲೆ ಇನ್ನೊಂದು. ಕೆಮ್ಮು ಬಂದರೆ ನಿಲ್ಲಿಸಿ. ನುಂಗುವುದು ತೀರ ಕಷ್ಟವಾದರೆ ಕೆಲವು ದಿನ ಮೂಗಿನ ಕೊಳವೆಯಿಂದ ಆಹಾರ ಕೊಡಬೇಕಾಗುತ್ತದೆ.

ಆಮೇಲೆ ಹತ್ತಿರದ ಅಕ್ಷರ ಮಸುಕಾಗಬಹುದು, ಮೆಳ್ಳೆಗಣ್ಣಾಗಬಹುದು. ಐದನೇ ವಾರದ ಆಸುಪಾಸಿನಿಂದ ಕೈಕಾಲು ಸೋಲಬಹುದು. ಗುಯಿಲಿನ್ ಬಾರ್ ಎಂಬ ನರರೋಗದಂತೆಯೇ ಕಾಣುವುದರಿಂದ ಹೊಸ ವೈದ್ಯರನ್ನು ಕಂಡಾಗ ಒಂದೂವರೆ ತಿಂಗಳ ಹಿಂದೆ ಗಂಟಲಮಾರಿ ಬಂದಿತ್ತು ಎಂಬುದನ್ನು ಮರೆಯದೆ ಹೇಳಿ.

ಇದೇ ಸಮಯದಲ್ಲಿ ಎದೆ ಮತ್ತು ಹೊಟ್ಟೆಯ ನಡುವಿನ ವಪೆ ದುರ್ಬಲವಾದರೆ ಶ್ವಾಸಕೋಶ ತಾನು ಆರೋಗ್ಯವಾಗಿದ್ದರೂ ಗಾಳಿ ಎಳೆದುಕೊಳ್ಳಲಾರದು. ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಒಂದು, ಮಗುವನ್ನು ಅಂಗಾತ ಮಲಗಿಸಿ ಹೊಟ್ಟೆ ನೋಡಿ. ಉಸಿರು ಒಳಗೆ ತೆಗೆದುಕೊಳ್ಳುವಾಗ ಹೊಟ್ಟೆ ಮೇಲೇಳಬೇಕು. ಅದರ ಬದಲು ಒಳಗೆ ಕುಸಿಯುತ್ತಿದ್ದರೆ ವಪೆ ಸೋತಿದೆ. ಇನ್ನೊಂದು, ಎಣಿಕೆ ಬಲ್ಲ ಮಗುವಿಗೆ ದೊಡ್ಡದಾಗಿ ಉಸಿರೆಳೆದುಕೊಂಡು ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಲು ಹೇಳಿ. ಎಷ್ಟರವರೆಗೆ ಹೋಯಿತೆಂದು ದಿನವೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಇಪ್ಪತ್ತರವರೆಗೆ ಹೋಗುತ್ತಿದ್ದ ಮಗು ಹದಿನೈದಕ್ಕೆ, ಹತ್ತಕ್ಕೆ ಇಳಿಯುತ್ತಿದ್ದರೆ ಇನ್ನೂ ಕಾಯಬೇಡಿ. ಕೆಮ್ಮು ಸತ್ವವಿಲ್ಲದೆ ಕ್ಷೀಣವಾದರೂ ಅದೇ ಅರ್ಥ.

ವೆಂಟಿಲೇಟರ್ ಬೇಕೆಂದರೆ ಎದೆಗುಂದಬೇಡಿ. ಹೃದಯದ ಹಾನಿಗೂ ನರದ ಹಾನಿಗೂ ಇರುವ ದೊಡ್ಡ ವ್ಯತ್ಯಾಸ ಇದು: ನರಗಳ ಹೊರಕವಚ ಮತ್ತೆ ಬೆಳೆಯುತ್ತದೆ. ಉಸಿರಿಗೆ ಆಸರೆ ಕೊಟ್ಟು ಆ ವಾರಗಳನ್ನು ದಾಟಿಸಿದರೆ ಬಹುತೇಕ ಮಕ್ಕಳು ಸಂಪೂರ್ಣವಾಗಿ ಚೇತರಿಸಿಕೊಳ್ಳುತ್ತಾರೆ, ಅದಕ್ಕೆ ಕೆಲವು ತಿಂಗಳು ಹಿಡಿದರೂ.

ಹೆಜ್ಜೆ 6: ಮನೆಯ ಇತರರು

ಮಗುವಿನೊಂದಿಗೆ ಒಂದೇ ಮನೆಯಲ್ಲಿದ್ದವರು, ಶಾಲೆಯಲ್ಲಿ ಪಕ್ಕದಲ್ಲಿ ಕೂತವರು, ಆರೈಕೆ ಮಾಡಿದವರು ಎಲ್ಲರ ಗಂಟಲಿನ ಮಾದರಿ ತೆಗೆಯುತ್ತಾರೆ. ಲಸಿಕೆ ಆಗಿರಲಿ ಬಿಡಲಿ, ಆಂಟಿಬಯೋಟಿಕ್ ಕೊಡುತ್ತಾರೆ: ಏಳರಿಂದ ಹತ್ತು ದಿನ ಎರಿಥ್ರೋಮೈಸಿನ್ ಅಥವಾ ಒಂದೇ ಬಾರಿ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು. ಹತ್ತು ದಿನ ಪ್ರತಿದಿನ ಗಂಟಲು ನೋಡಿ. ಲಸಿಕೆ ಬಾಕಿ ಇದ್ದವರಿಗೆ ಅದೇ ಸಮಯದಲ್ಲಿ ಹಾಕಿಸಿ. ಆಶಾ ಕಾರ್ಯಕರ್ತೆ ಮನೆ ಮನೆಗೆ ಬಂದು ಪಟ್ಟಿ ಮಾಡುವಾಗ ಯಾರನ್ನೂ ಬಿಡಬೇಡಿ, ಹಬ್ಬಕ್ಕೆ ಬಂದು ಹೋದ ನೆಂಟರನ್ನೂ ಸೇರಿಸಿ.

ಹೆಜ್ಜೆ 7: ಲಸಿಕೆ, ವಾಸಿಯಾದ ಮಗುವಿಗೂ

1923ರಲ್ಲಿ ಫ್ರಾನ್ಸಿನ ಗಾಸ್ತೋ ರಾಮೋ ಈ ವಿಷವನ್ನು ಫಾರ್ಮಾಲಿನ್ ಮತ್ತು ಶಾಖದಿಂದ ಪಳಗಿಸಿ, ಹಾನಿ ಮಾಡದ ಆದರೆ ದೇಹಕ್ಕೆ ಗುರುತು ಹಿಡಿಯುವ ಪಾಠ ಕಲಿಸುವ ರೂಪಕ್ಕೆ ತಂದರು. ಇಂದಿನ ಲಸಿಕೆ ಅದೇ. ಅದು ತಡೆಯುವುದು ವಿಷವನ್ನು. ಲಸಿಕೆ ಆದವರ ಗಂಟಲಿನಲ್ಲೂ ರೋಗಾಣು ಸದ್ದಿಲ್ಲದೆ ಕೂತಿರಬಹುದು, ಲಸಿಕೆ ಆಗದ ಮಗುವಿಗೆ ದಾಟಬಹುದು. ಅದಕ್ಕೇ ಊರಿನ ಪ್ರತಿ ಮಗುವಿಗೂ ಪ್ರತ್ಯೇಕವಾಗಿ ಡೋಸ್ ಪೂರ್ತಿಯಾಗಬೇಕು.

ಸರ್ಕಾರಿ ವೇಳಾಪಟ್ಟಿ ಹೀಗಿದೆ: ಆರು, ಹತ್ತು, ಹದಿನಾಲ್ಕು ವಾರಕ್ಕೆ ಪೆಂಟಾವೇಲೆಂಟ್ (ಗಂಟಲಮಾರಿ ಸೇರಿ ಐದು ರೋಗಗಳ ಲಸಿಕೆ), 16ರಿಂದ 24 ತಿಂಗಳೊಳಗೆ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುವಿನ ಲಸಿಕೆ) ಮೊದಲ ಬೂಸ್ಟರ್, ಐದರಿಂದ ಆರು ವರ್ಷಕ್ಕೆ ಎರಡನೆಯದು, ಹತ್ತು ಮತ್ತು ಹದಿನಾರನೇ ವರ್ಷಕ್ಕೆ ಟಿಡಿ (ಧನುರ್ವಾಯು ಮತ್ತು ಗಂಟಲಮಾರಿಯ ಲಸಿಕೆ), ಗರ್ಭಿಣಿಯರಿಗೂ ಟಿಡಿ. ಎಲ್ಲವೂ ಉಚಿತ. ಮೊದಲ ಮೂರು ಡೋಸ್ ಹೆಚ್ಚಿನವರು ತಪ್ಪಿಸುವುದಿಲ್ಲ. ಬಿಟ್ಟುಹೋಗುವುದು ಐದು ವರ್ಷದ ಬೂಸ್ಟರ್ ಮತ್ತು ಶಾಲೆಯ ಟಿಡಿ. ಆ ಡೋಸಿನಿಂದ ಜ್ವರ ಬರುತ್ತದೆ, ಪರೀಕ್ಷೆ ಇದೆ ಎಂದು ಆ ದಿನ ಮಗುವನ್ನು ಶಾಲೆಗೆ ಕಳುಹಿಸದ ಮನೆಗಳಿವೆ. ಹಾಗೆ ಬಿಟ್ಟುಹೋದ ಮಕ್ಕಳಿಂದಾಗಿಯೇ ಈಗ ರೋಗ ದೊಡ್ಡ ಮಕ್ಕಳಲ್ಲೂ ಕಾಣುತ್ತಿದೆ.

ವಯಸ್ಕರಲ್ಲೂ ರಕ್ಷಣೆ ಕಾಲಕ್ರಮದಲ್ಲಿ ಇಳಿಯುತ್ತದೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ 1990ರ ದಶಕದಲ್ಲಿ ಅಲ್ಲಿನ ದೇಶಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಗಂಟಲಮಾರಿ ಬಂತು, ಅವರಲ್ಲಿ ಬಹಳಷ್ಟು ಮಂದಿ ದೊಡ್ಡವರು. ಆದ್ದರಿಂದ ಹತ್ತು ವರ್ಷಕ್ಕೊಮ್ಮೆ ಟಿಡಿ ಹಾಕಿಸಿಕೊಳ್ಳುವುದು ಒಳ್ಳೆಯದು. ಗಾಯವಾದಾಗ ಹೇಗೂ ಚುಚ್ಚುಮದ್ದು ಹಾಕಿಸಿಕೊಳ್ಳುತ್ತೀರಿ. ಆಗ ಬರೀ ಟಿಟಿ (ಧನುರ್ವಾಯುವಿನದು ಮಾತ್ರ) ಬದಲು ಟಿಡಿ ಕೇಳಿ.

ಗಂಟಲಮಾರಿಯಿಂದ ವಾಸಿಯಾದ ಮಗುವಿಗೆ ಇನ್ನು ಲಸಿಕೆ ಬೇಡ ಎಂದು ಅನೇಕರು ತಿಳಿಯುತ್ತಾರೆ. ರೋಗಕ್ಕೆ ಬೇಕಾದ ವಿಷದ ಪ್ರಮಾಣ ಎಷ್ಟು ಕಡಿಮೆಯೆಂದರೆ ದೇಹ ಅದನ್ನು ಗುರುತಿಟ್ಟುಕೊಳ್ಳುವಷ್ಟು ಪ್ರತಿರೋಧ ಬೆಳೆಸದೇ ಇರಬಹುದು, ಮತ್ತೊಮ್ಮೆ ರೋಗ ಬರಬಹುದು. ಬಿಡುಗಡೆಗೆ ಮುನ್ನ ಲಸಿಕೆಯ ದಿನಾಂಕ ಕೇಳಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ, ಬಾಕಿ ಉಳಿದ ಡೋಸ್‌ಗಳನ್ನು ಯಾವ ಅಂತರದಲ್ಲಿ ಪೂರ್ಣಗೊಳಿಸಬೇಕೆಂದು ನಿಮ್ಮ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಮುಗಿಸಿ.